ನೆಗಡಿಯ ಬೆನ್ನಿಗೇ ಬರುವ ತಲೆಸುತ್ತು

ನೆಗಡಿ ಶುರುವಾಗಿ ನಾಲ್ಕೈದು ದಿನ ಆಗಿರುತ್ತದೆ. ಮೂಗಿನಿಂದ ನೀರಿಳಿಯುವುದು ನಿಂತು, ಸಿಂಬಳ ಗಟ್ಟಿಯಾಗಿ ಹಳದಿಗೆ ತಿರುಗಿರುತ್ತದೆ. ಆ ಹೊತ್ತಿಗೆ ಕೆಲವರಿಗೆ ಹೊಸದೊಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಹೋದರೆ ಕೆನ್ನೆಗೂ ಹುಬ್ಬಿಗೂ ಭಾರ ನುಗ್ಗಿ ಬರುತ್ತದೆ. ಎದ್ದು ನಿಂತರೆ ನೆಲ ಒಂದು ಕಡೆಗೆ ವಾಲಿದ ಹಾಗಾಗುತ್ತದೆ. ಕಿವಿ ಗಡಚಿಕ್ಕಿಕೊಂಡಿರುತ್ತದೆ, ತನ್ನ ಮಾತು ತನಗೇ ಕೊಡದೊಳಗೆ ಮಾತಾಡಿದಂತೆ ಕೇಳುತ್ತದೆ. ನಡೆಯುವಾಗ ಕೈ ತಾನಾಗಿ ಗೋಡೆಯನ್ನು ಹುಡುಕುತ್ತದೆ. ‘ಸೈನಸ್ ತಲೆಗೇರಿದೆ’ ಎಂದು ಹೇಳಿಕೊಂಡು ಬರುವವರ ಅನುಭವ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಸೈನಸ್ ತಲೆಗೇನೂ ಏರಿರುವುದಿಲ್ಲ. ಆದರೆ ಅವರಿಗೆ ಆಗುತ್ತಿರುವುದು ಮಾತ್ರ ನೂರಕ್ಕೆ ನೂರು ನಿಜ, ಅದನ್ನು ಭ್ರಮೆ ಎಂದು ತಳ್ಳಿಹಾಕುವುದು ತಪ್ಪು.

ಸೈನಸ್‌ಗಳಿಗೂ ದೇಹದ ಸಮತೋಲಕ್ಕೂ ನೇರ ಸಂಬಂಧವಿಲ್ಲ. ಕೆನ್ನೆಯಲ್ಲಿ, ಹಣೆಯಲ್ಲಿ, ಕಣ್ಣುಗಳ ನಡುವೆ, ಮೂಗಿನ ಹಿಂದೆ ತಲೆಬುರುಡೆಯ ಆಳದಲ್ಲಿ, ಹೀಗೆ ನಾಲ್ಕು ಜೊತೆ ಗಾಳಿಗೂಡುಗಳು ಅವು. ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು ಅವುಗಳ ಒಳಗೋಡೆಯ ಲೋಳೆಯನ್ನು ದಿನವಿಡೀ ಮೂಗಿನ ಕಡೆಗೆ ಗುಡಿಸುತ್ತಿರುತ್ತವೆ. ಕೆನ್ನೆಯ ಸೈನಸ್ಸಿನ ಬಾಯಿ ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ; ಹಾಗಾಗಿ ಲೋಳೆಯನ್ನು ಮೇಲಕ್ಕೆ ಹತ್ತಿಸಿಯೇ ಹೊರಹಾಕಬೇಕು. ವೈರಸ್ಸಿನ ಹೊಡೆತಕ್ಕೆ ಕೂದಲುಗಳು ಸೋತು, ಬಾಯಿಯೂ ಊದಿಕೊಂಡರೆ ಲೋಳೆ ಒಳಗೇ ನಿಲ್ಲುತ್ತದೆ, ಮುಖ ಭಾರವಾಗುತ್ತದೆ. ಅಷ್ಟರಿಂದಲೇ ನೆಲ ತಿರುಗುವುದಿಲ್ಲ. ಸಮತೋಲದ ಅಂಗ ಇರುವುದು ಒಳಕಿವಿಯಲ್ಲಿ. ತಲೆ ತಿರುಗಿಸಿದ್ದನ್ನು ಅಳೆಯಲು ಅಲ್ಲಿ ಮೂರು ಅರೆವೃತ್ತ ನಾಳಗಳಿವೆ. ವಾಲಿದ್ದನ್ನು, ಹಿಂದೆ ಮುಂದೆ ಸರಿದದ್ದನ್ನು ಅಳೆಯಲು ಎರಡು ಪುಟ್ಟ ಚೀಲಗಳಿವೆ. ಕಣ್ಣು ಕಂಡದ್ದು, ಕಾಲು ಮತ್ತು ಕುತ್ತಿಗೆಯ ಸ್ನಾಯುಗಳು ತಿಳಿಸಿದ್ದು, ಒಳಕಿವಿ ತಿಳಿಸಿದ್ದು ಮೂರೂ ತಾಳೆಯಾಗದಿದ್ದರೆ ತಲೆ ಸುತ್ತುತ್ತದೆ.

ಮೂಗಿನ ಸೋಂಕಿನ ಪರಿಣಾಮ ಅಲ್ಲಿಯವರೆಗೆ ಹೋಗಬೇಕಾದರೆ ಬೇರೊಂದು ದಾರಿ ಬೇಕು. ಅಂಥ ದಾರಿಗಳು ಒಂದಲ್ಲ, ಐದಾರು ಇವೆ. ಯಾವ ದಾರಿ ಎಂದು ಗೊತ್ತಾಗುವ ಮೊದಲೇ ಮಾತ್ರೆ ನುಂಗುವುದರಿಂದ ಎಷ್ಟೋ ಜನರ ತಲೆಸುತ್ತು ವಾರದಲ್ಲಿ ಮುಗಿಯುವ ಬದಲು ತಿಂಗಳುಗಟ್ಟಲೆ ಎಳೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ನೋಡಲು ಸಿಗುವುದು ಯುಸ್ಟೇಷಿಯನ್ ನಾಳದ ದಾರಿ. ಮೂಗಿನ ಹಿಂಭಾಗವನ್ನೂ ನಡುಕಿವಿಯನ್ನೂ ಜೋಡಿಸುವ ಈ ನಾಳ ದೊಡ್ಡವರಲ್ಲಿ ಸುಮಾರು 35 ಮಿಲಿಮೀಟರ್ ಉದ್ದ. ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತದೆ. ಎಂಜಲು ನುಂಗಿದಾಗ, ಆಕಳಿಸಿದಾಗ ಕ್ಷಣಮಾತ್ರ ತೆರೆದು, ನಡುಕಿವಿಗೆ ಹೊಸ ಗಾಳಿ ಬಿಡುತ್ತದೆ. ಸೈನಸ್ಸಿನಿಂದ ಇಳಿಯುವ ಲೋಳೆ ಗಂಟಲಿಗೆ ಹೋಗುವಾಗ ಈ ನಾಳದ ಬಾಯಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಬಾಯಿ ಊದಿಕೊಂಡು ತೆರೆಯದೆ ಹೋದರೆ ನಡುಕಿವಿಯ ಗಾಳಿಯನ್ನು ಸುತ್ತಲಿನ ಪೊರೆ ಹೀರಿಕೊಳ್ಳುತ್ತಾ ಹೋಗುತ್ತದೆ, ಒತ್ತಡ ಇಳಿಯುತ್ತದೆ, ಕಿವಿ ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗೇ ಬಿಟ್ಟರೆ ಪೊರೆಯಿಂದ ನೀರು ಜಿನುಗಿ ನಡುಕಿವಿ ತುಂಬಿಕೊಳ್ಳುತ್ತದೆ. ನಡುಕಿವಿಗೂ ಒಳಕಿವಿಗೂ ಮಧ್ಯೆ ಇರುವುದು ಎರಡು ಪುಟ್ಟ ಕಿಟಕಿಗಳು. ಒಂದನ್ನು ಮೂಳೆಯೊಂದು ಮುಚ್ಚಿದೆ, ಇನ್ನೊಂದನ್ನು ತೆಳುಪೊರೆ. ಈ ಕಡೆಯ ಒತ್ತಡ ಬದಲಾದರೆ ಆ ಕಡೆಯ ದ್ರವಕ್ಕೂ ಅದು ತಟ್ಟುತ್ತದೆ. ಎರಡೂ ಕಿವಿ ಒಂದೇ ಸಮ ಕಟ್ಟಿದ್ದರೆ ತೊಂದರೆ ಕಡಿಮೆ. ಒಂದು ತೆರೆದು ಒಂದು ಕಟ್ಟಿದ್ದರೆ ಎಡಬಲದ ಸುದ್ದಿ ಹೊಂದುವುದಿಲ್ಲ. ವಿಮಾನ ಇಳಿಯುವಾಗ, ನೀರಿನಾಳಕ್ಕೆ ಹೋದವರು ಮೇಲೇಳುವಾಗ ಕೆಲವರಿಗೆ ಗಿರ್ರೆಂದು ತಲೆ ತಿರುಗುವುದೂ ಇದೇ ವ್ಯತ್ಯಾಸದಿಂದಲೇ.

ಈ ದಾರಿಯ ತಲೆಸುತ್ತಿಗೆ ಒಂದು ಗುರುತಿದೆ. ಕೋಣೆ ಬುಗುರಿಯಂತೆ ತಿರುಗುವುದು ಅಪರೂಪ. ದೋಣಿಯಲ್ಲಿ ನಿಂತಂತೆ ಜೋಲಿ, ಹತ್ತಿಯ ಮೇಲೆ ಕಾಲಿಟ್ಟಂತೆ ಅನಿಸಿಕೆ, ಬೇಗ ತಲೆ ಹೊರಳಿಸಿದರೆ ನೋಟ ಒಂದು ಕ್ಷಣ ಹಿಂದುಳಿದ ಹಾಗೆ. ನುಂಗಿದಾಗ ಕಿವಿಯಲ್ಲಿ ‘ಟಿಕ್’ ಎಂದು ತೆರೆದರೆ ಅರೆಗಳಿಗೆ ಹಗುರಾಗಿ, ಮತ್ತೆ ಕಟ್ಟಿಕೊಂಡಾಗ ವಾಪಸು ಬರುತ್ತದೆ. ಹೀಗೆ ಕಿವಿಯ ಜೊತೆಜೊತೆಗೇ ಏರಿಳಿಯುವ ತಲೆಸುತ್ತು ಬಹುಮಟ್ಟಿಗೆ ನಾಳದ್ದೇ.

ಎರಡನೆಯದು ವೈರಸ್ಸು ಒಳಕಿವಿಯ ಸಮತೋಲದ ನರಕ್ಕೇ ಊತ ತರುವುದು. ಇದರ ಕಥೆಯೇ ಬೇರೆ. ನೆಗಡಿ ಇಳಿಯುತ್ತಿರುವಾಗಲೋ ಇಳಿದ ಮೇಲೋ ಒಂದು ಬೆಳಿಗ್ಗೆ ಏಳುವಷ್ಟರಲ್ಲಿ ಇಡೀ ಕೋಣೆ ಗರಗರ ತಿರುಗುತ್ತಿರುತ್ತದೆ. ವಾಂತಿ ಬಿಡುವುದಿಲ್ಲ. ಕಣ್ಣು ತಾನಾಗಿ ಒಂದು ಕಡೆಗೆ ಎಳೆದೆಳೆದು ಅಲುಗುತ್ತದೆ, ನಿಂತರೆ ಕೆಟ್ಟ ಕಿವಿಯ ಕಡೆಗೇ ಬೀಳುವಂತಾಗುತ್ತದೆ. ಅಲುಗಾಡದೆ ಮಲಗಿದರೂ ಪೂರ್ತಿ ನಿಲ್ಲದೆ ಒಂದರಿಂದ ಮೂರು ದಿನ ಕಾಡುತ್ತದೆ. ಕೇಳಿಸುವುದು ಮೊದಲಿನಂತೆಯೇ ಇದ್ದರೆ ನರದ ಊತ. ಆ ಕಿವಿ ಮಂಕಾಗಿದ್ದರೆ ಒಳಕಿವಿಯ ಶ್ರವಣದ ಭಾಗಕ್ಕೂ ತಗುಲಿದೆ ಎಂದರ್ಥ. ಇದನ್ನು ‘ಸೈನಸ್’ ಎಂದುಕೊಂಡು ಮನೆಯಲ್ಲೇ ಕೂರಬಾರದು.

ಮೂರನೆಯದು ಒಳಕಿವಿಯ ಸುಣ್ಣದ ಹರಳುಗಳದ್ದು. ಚೀಲದಲ್ಲಿರಬೇಕಾದ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಕಳಚಿ ಅರೆವೃತ್ತ ನಾಳಕ್ಕೆ ಜಾರಿದರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಮೇಲೆ ನೋಡಿದಾಗ ಕೋಣೆ ಜೋರಾಗಿ ತಿರುಗುತ್ತದೆ. ಒಂದು ನಿಮಿಷದೊಳಗೆ ತಾನೇ ನಿಲ್ಲುತ್ತದೆ. ನರದ ಊತ ಬಂದು ಹೋದವರಲ್ಲಿ, ಹಲವು ದಿನ ಹಾಸಿಗೆ ಹಿಡಿದು ಎದ್ದವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಆಂಟಿಬಯೋಟಿಕ್ ಬೇಡ, ಮೂಗಿನ ಸ್ಪ್ರೇಯೂ ಬೇಡ.

ಉಳಿದವು ಮೂಗು ಕಿವಿಗಳಿಗಿಂತ ಹೊರಗಿನವು. ಜ್ವರದಲ್ಲಿ ನೀರು ಕುಡಿಯದೆ, ಊಟ ಸೇರದೆ ಇದ್ದವರಿಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ಐದು ನಿಮಿಷ ಮಲಗಿಸಿ ರಕ್ತದೊತ್ತಡ ನೋಡಿ, ನಿಲ್ಲಿಸಿ ಒಂದು ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡಿದರೆ, ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಕಾರಣ ಅಲ್ಲೇ ಸಿಕ್ಕಿತು. ನೆಗಡಿಯ ಮಾತ್ರೆಗಳ ಪಾಲೂ ಸಣ್ಣದಲ್ಲ. ಹಳೆಯ ಕಾಲದ ಅಲರ್ಜಿ ಔಷಧಿಗಳು ಮಂಪರು ಹಿಡಿಸಿ ಹೆಜ್ಜೆ ತಪ್ಪಿಸುತ್ತವೆ. ಮೂಗು ಬಿಡಿಸುವ ಮಾತ್ರೆಗಳು ಎದೆ ಡವಡವ ಹೊಡೆದುಕೊಳ್ಳುವಂತೆ ಮಾಡುತ್ತವೆ, ರಕ್ತದೊತ್ತಡ ಏರಿಸುತ್ತವೆ. ತಲೆಸುತ್ತು ಮಾತ್ರೆ ಶುರುವಾದ ದಿನವೇ ಬಂತೇ ಎಂಬ ಒಂದೇ ಪ್ರಶ್ನೆಗೆ ಎಷ್ಟೋ ಸಲ ಗಂಟು ಬಿಚ್ಚಿಕೊಳ್ಳುತ್ತದೆ.

ಕೊನೆಯದು ಮೈಗ್ರೇನ್. ಇದರ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಮೈಗ್ರೇನ್ ನೋವು ಹುಬ್ಬು ಕೆನ್ನೆಗಳಲ್ಲೂ ಕೂರಬಲ್ಲದು, ಆ ಹೊತ್ತಿನಲ್ಲಿ ಮೂಗು ಕಟ್ಟುವುದು, ಕಣ್ಣು ಮೂಗಿನಲ್ಲಿ ನೀರು ಬರುವುದೂ ಉಂಟು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮಗಿರುವುದು ಸೈನಸ್ ತಲೆನೋವು ಎಂದು ತಾವೇ ತಿಳಿದಿದ್ದ ಅಥವಾ ವೈದ್ಯರಿಂದ ಹಾಗೆ ಹೇಳಿಸಿಕೊಂಡಿದ್ದ ಸುಮಾರು 3000 ಜನರನ್ನು ಪರೀಕ್ಷಿಸಿದಾಗ, ನೂರಕ್ಕೆ 88 ಮಂದಿಯ ಲಕ್ಷಣಗಳು ಮೈಗ್ರೇನ್‌ಗೆ ಹೊಂದುತ್ತಿದ್ದವು. ವರ್ಷಕ್ಕೆ ಆರೇಳು ಸಲ ‘ಸೈನಸ್’ ಬರುತ್ತದೆ, ಜೊತೆಗೆ ತಲೆಸುತ್ತು, ಬೆಳಕು ಸದ್ದು ಆಗದು, ಕತ್ತಲ ಕೋಣೆಯಲ್ಲಿ ಮಲಗಿದರೆ ವಾಸಿ, ಆದರೆ ದಪ್ಪ ಸಿಂಬಳ ಮಾತ್ರ ಇಲ್ಲ ಎನ್ನುವವರು ಮೊದಲು ಈ ದಿಕ್ಕಿನಲ್ಲಿ ನೋಡಿಸಿಕೊಳ್ಳಲಿ.

ಪರೀಕ್ಷೆಗೆ ಕೂತಾಗ ‘ತಲೆ ಸುತ್ತುತ್ತದೆ’ ಎನ್ನುವ ಒಂದು ಮಾತು ಸಾಲದು. ವೈದ್ಯರಾದ ನಾವು ಕೇಳುವುದು ಇವು: ಕೋಣೆ ತಿರುಗುತ್ತದೆಯೋ, ಮೈ ತೂರಾಡುತ್ತದೆಯೋ, ಕಣ್ಣು ಕತ್ತಲಾಗುತ್ತದೆಯೋ? ಒಂದು ಸಲ ಬಂದರೆ ಸೆಕೆಂಡುಗಳೋ, ಗಂಟೆಗಳೋ, ದಿನಗಳೋ? ಮಲಗಿ ಹೊರಳಿದಾಗ ಬರುತ್ತದೆಯೋ, ಎದ್ದು ನಿಂತಾಗಲೋ, ಸುಮ್ಮನಿದ್ದಾಗಲೂ ಇದೆಯೋ? ಕಿವಿ ಕೇಳಿಸುವುದರಲ್ಲಿ ವ್ಯತ್ಯಾಸ ಉಂಟೇ? ಮೂರು ದಿನ ಇಷ್ಟನ್ನು ಗಂಟೆ ಸಮೇತ ಚೀಟಿಯಲ್ಲಿ ಬರೆದುಕೊಂಡು ಬಂದವರ ಕಾಯಿಲೆಯ ಅರ್ಧ ಕೆಲಸ ಬಾಗಿಲಲ್ಲೇ ಮುಗಿದಿರುತ್ತದೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಎರಡನೆಯ ಉತ್ತರ, ಅಂದರೆ ಎಷ್ಟು ಹೊತ್ತು ಎಂಬುದು.

ಆಮೇಲೆ ಕಿವಿ ನೋಡುವುದು. ದೀಪದ ಕೊಳವೆಯಲ್ಲಿ ತಮಟೆ ಒಳಸೇರಿದ್ದು, ಅದರ ಹಿಂದೆ ಜೇನಿನ ಬಣ್ಣದ ನೀರು ನಿಂತದ್ದು ಕಾಣಬಹುದು. ಟಿಂಪನೋಮೆಟ್ರಿ ಎಂಬ ಪರೀಕ್ಷೆಯಲ್ಲಿ ಕಿವಿಗೆ ರಬ್ಬರ್ ತುದಿ ಕೂರಿಸಿ ಒತ್ತಡ ಬದಲಿಸುತ್ತಾ, ತಮಟೆ ಎಷ್ಟು ಅಲುಗುತ್ತದೆ ಎಂಬುದನ್ನು ಗೆರೆಯಾಗಿ ದಾಖಲಿಸುತ್ತಾರೆ. ನೋವಿಲ್ಲ, ಒಂದು ನಿಮಿಷವೂ ಬೇಡ. ಗೆರೆಯಲ್ಲಿ ಗುಡ್ಡ ಏಳದೆ ಚಪ್ಪಟೆಯಾಗಿ ಬಂದರೆ ನಡುಕಿವಿಯಲ್ಲಿ ನೀರು ಇರುವ ಸೂಚನೆ, ಗುಡ್ಡ ಎಡಕ್ಕೆ ಸರಿದಿದ್ದರೆ ಒಳಗೆ ಒತ್ತಡ ಇಳಿದಿದೆ ಎಂದು. 512 ಹರ್ಟ್ಸ್ ಶ್ರುತಿಕವೆಯನ್ನು (ಬಡಿದರೆ ಒಂದೇ ಸ್ವರ ಹೊರಡಿಸುವ ಲೋಹದ ಕವಲು) ಬಡಿದು ಹಣೆಯ ನಡುವೆ ಇಡುತ್ತಾರೆ. ಬರೀ ಕಟ್ಟಿಕೊಂಡ ಕಿವಿಯಾದರೆ ಸದ್ದು ಆ ಕಿವಿಯಲ್ಲೇ ಜೋರು. ನರವೇ ಸೋತಿದ್ದರೆ ಚೆನ್ನಾಗಿರುವ ಕಿವಿಯಲ್ಲಿ ಜೋರು. ಇದರ ಸರಳ ರೂಪವನ್ನು ಮನೆಯಲ್ಲೇ ಮಾಡಬಹುದು. ಬಾಯಿ ಮುಚ್ಚಿ ‘ಮ್‌ಮ್‌ಮ್’ ಎಂದು ಗುನುಗಿ. ಗಡಚಿಕ್ಕಿದ ಕಿವಿಯ ಕಡೆಗೇ ಗುನುಗು ಎಳೆದರೆ ಸಾಮಾನ್ಯವಾಗಿ ಕಟ್ಟಿಕೊಂಡಿರುವುದಷ್ಟೇ. ಮಂಕಾದ ಕಿವಿಯನ್ನು ಬಿಟ್ಟು ಒಳ್ಳೆಯ ಕಿವಿಯಲ್ಲೇ ಗುನುಗು ಕೇಳಿದರೆ ಅಂದೇ, ಹೆಚ್ಚೆಂದರೆ ಮರುದಿನ ಇಎನ್‌ಟಿ ವೈದ್ಯರನ್ನು ಕಾಣಬೇಕು. ಒಮ್ಮೆಗೇ ಬಂದ ನರದ ಕಿವುಡಿಗೆ ಸ್ಟೀರಾಯ್ಡ್ ಕೊಡುವುದಿದ್ದರೆ ಬೇಗ, ಮೊದಲ ಎರಡು ವಾರದೊಳಗೇ ಶುರು ಮಾಡಬೇಕು. ಆ ಅವಧಿಯನ್ನು ‘ನೆಗಡಿ, ಹೋಗುತ್ತದೆ ಬಿಡು’ ಎಂದು ಕಳೆದುಕೊಂಡವರನ್ನು ಕಂಡಾಗ ತುಂಬಾ ನೋವಾಗುತ್ತದೆ.

ಕಿವಿಯ ಹೊರನಾಳಕ್ಕೆ ಬಿಸಿ ತಣ್ಣನೆಯ ನೀರು ಹಾಯಿಸಿ ನೋಡುವ ಕ್ಯಾಲೋರಿಕ್ ಪರೀಕ್ಷೆಯೂ ಇದೆ; ದೇಹದ ಶಾಖಕ್ಕಿಂತ 7 ಡಿಗ್ರಿ ಕಡಿಮೆ, 7 ಡಿಗ್ರಿ ಹೆಚ್ಚು, ಅಂದರೆ 30 ಮತ್ತು 44 ಡಿಗ್ರಿ ಸೆಲ್ಸಿಯಸ್. ಕಿವಿ ತೊಳೆಯುವ ನೀರು ತಣ್ಣಗಿದ್ದರೂ ಬಿಸಿಯಾಗಿದ್ದರೂ ತಲೆ ತಿರುಗುವುದನ್ನು ಗಮನಿಸಿ ಇದನ್ನು ಬಿಡಿಸಿದ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಪ್ರಶಸ್ತಿ ಬಂತು. ಮಾಮೂಲಿ ಸೈನಸ್ ತಲೆಸುತ್ತಿಗೆ ಇದರ ಅಗತ್ಯ ಬೀಳುವುದಿಲ್ಲ. ಹೊಸದಾಗಿ ಬಂದ, ತೊಡಕಿಲ್ಲದ ಸೈನಸ್ ಸೋಂಕಿಗೆ ಸಿಟಿ ಸ್ಕ್ಯಾನ್ ಕೂಡ ಬೇಡ. ಬರೀ ನೆಗಡಿಯಲ್ಲೂ ಸೈನಸ್ ಮಬ್ಬಾಗಿಯೇ ಕಾಣುತ್ತದೆ, ಅದರಿಂದ ತಿಳಿಯುವುದು ಕಡಿಮೆ.

ಚಿಕಿತ್ಸೆಯಲ್ಲಿ ಮೊದಲ ಎಡವಟ್ಟು ಆಂಟಿಬಯೋಟಿಕ್. ಸಿಂಬಳ ಹಳದಿ ಹಸಿರಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ಎಂದಲ್ಲ, ವೈರಸ್ ನೆಗಡಿಯಲ್ಲೂ ಅದೇ ಬಣ್ಣ. ಹತ್ತು ದಿನವಾದರೂ ಒಂದಿಷ್ಟೂ ಇಳಿಯದಿದ್ದರೆ, 39 ಡಿಗ್ರಿ ಸೆಲ್ಸಿಯಸ್ ಜ್ವರ, ಕೀವಿನಂಥ ಸಿಂಬಳ, ಮುಖದ ನೋವು ಮೂರ್ನಾಲ್ಕು ದಿನ ಬಿಡದಿದ್ದರೆ, ಇಲ್ಲವೇ ಗುಣವಾಗುತ್ತಾ ಬಂದದ್ದು ಐದಾರನೆಯ ದಿನ ಮತ್ತೆ ಕೆರಳಿದರೆ ಬ್ಯಾಕ್ಟೀರಿಯಾದ ಅನುಮಾನ ಪಡಬೇಕು. ಉಳಿದವರಿಗೆ ಆ ಮಾತ್ರೆಯಿಂದ ಹೊಟ್ಟೆ ಕೆಡುವುದಷ್ಟೇ ಲಾಭ.

ಮೂಗು ತೊಳೆಯುವುದು ನಿಜವಾಗಿ ನೆರವಾಗುತ್ತದೆ, ಕ್ರಮ ತಪ್ಪಿದರೆ ಮಾತ್ರ ಅದೇ ತಲೆ ಸುತ್ತಿಸುತ್ತದೆ. ನೀರನ್ನು ಒಂದು ನಿಮಿಷ ಕುದಿಸಿ (2000 ಮೀಟರ್‌ಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ) ಆರಿಸಬೇಕು, ಇಲ್ಲವೇ ಡಿಸ್ಟಿಲ್ಡ್ ನೀರು ಬಳಸಬೇಕು. ನಲ್ಲಿ ನೀರನ್ನು ನೇರವಾಗಿ ಮೂಗಿಗೆ ಬಿಡಬೇಡಿ. ಮಿದುಳಿಗೆ ಹೋಗಬಲ್ಲ ಅಮೀಬಾ ಅದರಲ್ಲಿದ್ದರೆ ಪ್ರಾಣಕ್ಕೇ ಅಪಾಯ. 240 ಮಿಲಿಲೀಟರ್ ನೀರಿಗೆ ಅಯೋಡಿನ್ ಇಲ್ಲದ ಉಪ್ಪು ಸುಮಾರು 2 ಗ್ರಾಂ, ಅಂದರೆ ಟೀ ಚಮಚದ ಮೂರನೇ ಒಂದು ಭಾಗ, ಜೊತೆಗೆ ಒಂದು ಚಿಟಿಕೆ ಅಡುಗೆ ಸೋಡಾ. ಉಪ್ಪು ಕಡಿಮೆಯಾದರೆ ಮೂಗು ಚುರುಗುಟ್ಟುತ್ತದೆ. ನೀರು ಮೈ ಬೆಚ್ಚಗಿರಲಿ, ತಣ್ಣನೆಯದು ಬೇಡ. ಸಿಂಕಿನ ಮೇಲೆ ಮುಂದಕ್ಕೆ ಬಾಗಿ, ಬಾಯಲ್ಲಿ ಉಸಿರಾಡುತ್ತಾ, ಬಾಟಲಿಯನ್ನು ಮೆತ್ತಗೆ ಒತ್ತಬೇಕು. ಜೋರಾಗಿ ಒತ್ತಿದರೆ ನೀರು ಯುಸ್ಟೇಷಿಯನ್ ನಾಳಕ್ಕೆ ನುಗ್ಗಿ ಕಿವಿ ಇನ್ನಷ್ಟು ಗಡಚಿಕ್ಕುತ್ತದೆ. ತಲೆ ವಿಪರೀತ ಸುತ್ತುವ ದಿನ ಬಾಗಿ ನಿಲ್ಲುವ ಸಾಹಸ ಬಿಟ್ಟು, ಕುರ್ಚಿಯಲ್ಲಿ ಕೂತು ಉಪ್ಪುನೀರಿನ ಸ್ಪ್ರೇ ಹೊಡೆದುಕೊಂಡರೂ ಸಾಕು. ತೊಳೆದಾದ ಮೇಲೆ ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸೀನಿ ತೆಗೆಯಿರಿ. ಎರಡನ್ನೂ ಒತ್ತಿ ಹಿಡಿದು ಜೋರಾಗಿ ಸೀತರೆ ಕೀವು ಕಿವಿಗೆ ಹೋಗುತ್ತದೆ.

ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟಿದ್ದರೆ ಮೂಗು ತೊಳೆದು ಹತ್ತು ನಿಮಿಷದ ನಂತರ ಹೊಡೆಯಬೇಕು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ಆಗ ತುದಿ ನಡುಗೋಡೆಯ ಕಡೆಗೆ ತಿರುಗದೆ ಕಣ್ಣಿನ ಹೊರಮೂಲೆಯ ಕಡೆಗೆ ನಿಲ್ಲುತ್ತದೆ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಜೋರಾಗಿ ಉಸಿರೆಳೆದರೆ ಔಷಧಿ ಮೂಗಿನಲ್ಲಿ ಕೂರದೆ ಗಂಟಲಿಗೆ ಇಳಿದುಹೋಗುತ್ತದೆ. ಎರಡು ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಡಬೇಡಿ, ಇದರ ಕೆಲಸ ಪೂರ್ತಿ ಕಾಣಲು ಒಂದೆರಡು ವಾರ ಬೇಕು. ಕ್ಷಣದಲ್ಲಿ ಮೂಗು ತೆರೆಯುವ ಆಕ್ಸಿಮೆಟಾಜೊಲಿನ್, ಕ್ಸೈಲೋಮೆಟಾಜೊಲಿನ್ ಹನಿಗಳದ್ದು ಇದಕ್ಕೆ ತದ್ವಿರುದ್ಧ ಗುಣ. ಮೂರು ದಿನ, ಅತಿ ಹೆಚ್ಚೆಂದರೆ ಐದು ದಿನ. ಅದನ್ನು ಮೀರಿದರೆ ಹನಿ ಇಲ್ಲದೆ ಮೂಗೇ ತೆರೆಯದಂತಾಗುತ್ತದೆ.

ಕಿವಿ ಬಿಡಿಸಲು ಎಲ್ಲರೂ ಮೊದಲು ಮಾಡುವುದು ಮೂಗು ಹಿಡಿದು ಊದುವುದು. ದಪ್ಪ ಸಿಂಬಳ ಇರುವಷ್ಟು ದಿನ ಅದು ಬೇಡ. ಮೂಗು ಹಿಡಿದು ಒಂದು ಗುಟುಕು ನೀರು ನುಂಗುವುದು ಹೆಚ್ಚು ಸುರಕ್ಷಿತ. ದಿನಕ್ಕೆ ಹತ್ತಾರು ಸಲ ಮಾಡಿದರೂ ಅಡ್ಡಿಯಿಲ್ಲ. ಸೋಂಕು ಇಳಿದ ಮೇಲೆ ಊದುವುದಾದರೆ ಮೆಲ್ಲಗೆ, ಐದು ಸೆಕೆಂಡ್ ಮೀರದೆ. ಕಿವಿಯೊಳಗೆ ಎಣ್ಣೆ, ಹನಿ ಹಾಕಿದರೆ ಪ್ರಯೋಜನವಿಲ್ಲ, ಏಕೆಂದರೆ ಕಟ್ಟಿರುವುದು ತಮಟೆಯ ಆಚೆ ಬದಿಯಲ್ಲಿ. ತಮಟೆ ತೂತಾಗಿದ್ದರಂತೂ ಕೆಲವು ಹನಿಗಳು ಒಳಕಿವಿಗೇ ವಿಷ.

ತಲೆಸುತ್ತಿನ ಮಾತ್ರೆಗಳ ವಿಷಯದಲ್ಲಿ ನಮ್ಮ ನಿಲುವು ಖಚಿತ: ವಾಂತಿ ತಡೆಯದ ಮೊದಲ ಎರಡು ಮೂರು ದಿನಕ್ಕೆ ಮಾತ್ರ. ಪ್ರೊಕ್ಲೋರ್‌ಪೆರಝಿನ್, ಸಿನ್ನಾರಿಝಿನ್, ಮೆಕ್ಲಿಝಿನ್ ಇವೆಲ್ಲ ಒಳಕಿವಿಯ ಸುದ್ದಿಯನ್ನು ಮಿದುಳಿಗೆ ಮುಟ್ಟದಂತೆ ಅದುಮಿ ಹಿಡಿಯುತ್ತವೆ. ಸುದ್ದಿ ಮುಟ್ಟದಿದ್ದರೆ ಮಿದುಳು ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳುವುದನ್ನು ಕಲಿಯುವುದೇ ಇಲ್ಲ. ವಾರಗಟ್ಟಲೆ ಇವನ್ನು ನುಂಗುತ್ತಾ, ಬಿದ್ದೇನೆಂಬ ಹೆದರಿಕೆಯಿಂದ ಹಾಸಿಗೆ ಬಿಡದವರು ತೂರಾಡುವುದನ್ನೂ ಬಿಡುವುದಿಲ್ಲ.

ಆದ್ದರಿಂದ ವಾಂತಿ ನಿಂತ ದಿನವೇ ಓಡಾಟ ಶುರುವಾಗಬೇಕು. ನರದ ಊತದಿಂದ ಎದ್ದವರಿಗೆ ಒಂದು ಸಣ್ಣ ಅಭ್ಯಾಸ ಬಹಳ ಕೆಲಸ ಮಾಡುತ್ತದೆ. ಕೈಯಳತೆ ದೂರದಲ್ಲಿ ಗೋಡೆಗೆ ಒಂದು ಅಕ್ಷರ ಅಂಟಿಸಿ, ಅದರಿಂದ ಕಣ್ಣು ಕೀಳದೆ ತಲೆಯನ್ನು ‘ಇಲ್ಲ, ಇಲ್ಲ’ ಎಂಬಂತೆ ಆಡಿಸಬೇಕು. ಅಕ್ಷರ ಮಂಜಾಗದಷ್ಟೇ ವೇಗ. ಒಂದು ನಿಮಿಷ, ದಿನಕ್ಕೆ ಮೂರು ಸಲ; ಆಮೇಲೆ ‘ಹೌದು’ ಎಂಬಂತೆ ಮೇಲೆ ಕೆಳಗೆ. ಇದರಿಂದ ತಲೆಸುತ್ತು ಕೊಂಚ ಕೆದಕಿದಂತಾಗುವುದು ಸಹಜ, ಹಾಗಾಗಬೇಕು ಕೂಡ. ಆದರೆ ಸುಮಾರು ಕಾಲು ಗಂಟೆಯಲ್ಲಿ ಇಳಿಯಬೇಕು. ಇಳಿಯದಿದ್ದರೆ ವೇಗ ತಗ್ಗಿಸಿ. ಜೊತೆಗೆ ಗೋಡೆಯ ಮೂಲೆಗೆ ಬೆನ್ನು ಮಾಡಿ, ಎದುರಿಗೆ ಕುರ್ಚಿ ಇಟ್ಟುಕೊಂಡು, ಪಾದ ಜೋಡಿಸಿ 30 ಸೆಕೆಂಡ್ ನಿಲ್ಲುವುದು; ಅದು ಸಲೀಸಾದರೆ ಕಣ್ಣು ಮುಚ್ಚಿ, ಆಮೇಲೆ ದಿಂಬಿನ ಮೇಲೆ.

ಹರಳು ಜಾರಿದವರಿಗೆ ಬೇಕಾದದ್ದು ಎಪ್ಲಿ ಕ್ರಮ, ಅಂದರೆ ತಲೆ ತಿರುಗಿಸುತ್ತಾ ಹರಳನ್ನು ಮತ್ತೆ ಚೀಲಕ್ಕೆ ಸಾಗಿಸುವುದು. ಬಲಗಿವಿಯಾದರೆ: ಕೂತು ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಭುಜದ ಕೆಳಗೆ ದಿಂಬು ಬರುವಂತೆ ಹಿಂದಕ್ಕೆ ಮಲಗಿ ತಲೆ ಕೊಂಚ ಇಳಿಬಿಡಬೇಕು. ಸುತ್ತು ನಿಂತ ಮೇಲೂ 30 ಸೆಕೆಂಡ್ ಕಾದು ತಲೆಯನ್ನು ಎಡಕ್ಕೆ 90 ಡಿಗ್ರಿ ತಿರುಗಿಸಬೇಕು. ಮತ್ತೆ 30 ಸೆಕೆಂಡ್. ನಂತರ ಮೈಸಮೇತ ಎಡಕ್ಕೆ ಹೊರಳಿ ಮೂಗು ನೆಲ ನೋಡುವಂತೆ ಇಟ್ಟು, ಅಷ್ಟೇ ಹೊತ್ತು ಕಾದು ಆ ಮಗ್ಗುಲಿಂದಲೇ ಎದ್ದು ಕೂರಬೇಕು. ಮೊದಲ ಸಲ ತಿಳಿದವರ ಕೈಯಲ್ಲೇ ಮಾಡಿಸಿಕೊಳ್ಳಿ. ಯಾವ ಕಿವಿ ಎಂಬುದು ತಪ್ಪಿದರೆ ಮಾಡಿದ್ದೆಲ್ಲ ವ್ಯರ್ಥ. ಸೈನಸ್ ಇನ್ನೂ ತುಂಬಿದ್ದರೆ ತಲೆ ಇಳಿಬಿಟ್ಟಾಗ ಹಣೆ ಸಿಡಿಯುವಂತಾಗುತ್ತದೆ. ಮೂಗು ತೊಳೆದು ಒಂದು ಗಂಟೆ ಬಿಟ್ಟು ಮಾಡಿದರೆ ತಡೆದುಕೊಳ್ಳಬಹುದು.

ಈ ನಡುವೆ ಕೆಲವು ಲಕ್ಷಣಗಳು ಕಂಡರೆ ಕಾಯುವ ಮಾತೇ ಇಲ್ಲ, ತುರ್ತು ಚಿಕಿತ್ಸೆಗೆ ಹೋಗಬೇಕು. ಕಣ್ಣಿನ ಸುತ್ತ ಊತ, ಒಂದು ಎರಡಾಗಿ ಕಾಣುವುದು, ಕುತ್ತಿಗೆ ಬಿಗಿದು ಜೋರು ಜ್ವರ: ಇವು ಸೋಂಕು ಸೈನಸ್ಸಿನ ಗೋಡೆ ದಾಟಿದ್ದರ ಗುರುತಾಗಿರಬಹುದು. ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಕೈಕಾಲು ಸ್ವಾಧೀನ ತಪ್ಪುವುದು, ಹಿಂದೆಂದೂ ಕಾಣದಂಥ ತಲೆನೋವು, ಹಿಡಿದು ನಿಲ್ಲಿಸಿದರೂ ನಿಲ್ಲಲಾಗದ ತೂರಾಟ: ಇವು ಮಿದುಳಿನ ಆಘಾತದ್ದಾಗಿರಬಹುದು (ಸ್ಟ್ರೋಕ್), ಮೂಗು ಕಟ್ಟಿದ್ದು ಕಾಕತಾಳೀಯವಾಗಿರಬಹುದು. ಬಿಡದೆ ತಿರುಗುವ ತಲೆಸುತ್ತು ಇರುವವರಿಗೆ ತಲೆಯನ್ನು ಛಕ್ಕನೆ ಪಕ್ಕಕ್ಕೆ ತಿರುಗಿಸಿ ಕಣ್ಣಿನ ಚಲನೆ ನೋಡುವ ಪರೀಕ್ಷೆ ನರದ ಊತವನ್ನೂ ಮಿದುಳಿನ ಆಘಾತವನ್ನೂ ಬೇರ್ಪಡಿಸುತ್ತದೆ, ಆದರೆ ಅದು ಪಳಗಿದ ಕಣ್ಣಿನ ಕೆಲಸ. ಮನೆಯಲ್ಲಿ ಪ್ರಯೋಗಿಸುವಂಥದ್ದಲ್ಲ.

ಗುಣವಾಗುವ ಗತಿ ಎಲ್ಲ ಭಾಗಗಳಿಗೂ ಒಂದೇ ಅಲ್ಲ. ಮುಖದ ಭಾರ ಮೊದಲು ಇಳಿಯುತ್ತದೆ, ಮೂಗು ಆಮೇಲೆ, ಕಿವಿ ಎಲ್ಲಕ್ಕಿಂತ ಕೊನೆಗೆ. ನೆಗಡಿ ಹೋಗಿ ಎರಡು ಮೂರು ವಾರ ಕಿವಿ ಆಗಾಗ ಗಡಚಿಕ್ಕುವುದು ಸಾಮಾನ್ಯ. ನಡುಕಿವಿಯ ನೀರು ಆರಲು ಕೆಲವೊಮ್ಮೆ ಮೂರು ತಿಂಗಳೂ ಹಿಡಿಯುತ್ತದೆ. ಅದನ್ನೂ ಮೀರಿ ಒಂದೇ ಕಿವಿಯಲ್ಲಿ ನೀರು ಉಳಿದರೆ ಮೂಗಿನ ಹಿಂಭಾಗವನ್ನು ಎಂಡೋಸ್ಕೋಪ್ ಹಾಕಿ ನೋಡಲೇಬೇಕು, ಅಲ್ಲಿ ಗೆಡ್ಡೆ ನಾಳವನ್ನು ಒತ್ತಿರಬಹುದು. ನರದ ಊತದವರಿಗೆ ಗರಗರ ತಿರುಗುವುದು ದಿನಗಳಲ್ಲಿ ನಿಂತರೂ ಜನಜಂಗುಳಿಯಲ್ಲಿ, ಕತ್ತಲಲ್ಲಿ ಹೆಜ್ಜೆ ತಪ್ಪುವುದು ಆರರಿಂದ ಹನ್ನೆರಡು ವಾರ ಉಳಿಯಬಹುದು.

ಅಲ್ಲಿಯವರೆಗೆ ಏಣಿ ಹತ್ತುವುದು, ಒಬ್ಬರೇ ಈಜುವುದು ಬೇಡ. ಕಿವಿ ಪೂರ್ತಿ ಕಟ್ಟಿರುವಾಗ ವಿಮಾನ ಪ್ರಯಾಣ ಮುಂದೂಡಿದರೆ ಒಳ್ಳೆಯದು. ಹೋಗಲೇಬೇಕಾದರೆ ಇಳಿಯುವುದಕ್ಕೆ ಅರ್ಧ ಗಂಟೆ ಮೊದಲು ಮೂಗಿನ ಹನಿ ಹಾಕಿಕೊಂಡು, ಇಳಿಯುವಷ್ಟು ಹೊತ್ತೂ ನಿದ್ದೆ ಮಾಡದೆ ನುಂಗುತ್ತಿರಬೇಕು. ವಾಹನ ಓಡಿಸುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ: ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಗೋಡೆಯ ಪಕ್ಕದಲ್ಲಿ ಹತ್ತು ಹೆಜ್ಜೆ, ಆಮೇಲೆ ನಡೆಯುತ್ತಲೇ ತಲೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತಾ ಇನ್ನೊಂದು ಹತ್ತು. ಗೋಡೆ ಮುಟ್ಟದೆ ಎರಡೂ ಆಗದಿದ್ದರೆ ಅವತ್ತು ಸ್ಟಿಯರಿಂಗ್ ಬೇರೆಯವರ ಕೈಗೆ ಕೊಡಿ.